ಸಂಬಳವಿಲ್ಲದ ಶ್ಯಾನುಭೋಗರು

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗೆ ಆಟ ನೋಡಲು ಪುರುಸೊತ್ತಿಲ್ಲ. ಲೆಕ್ಕ ಬರೆಯುವುದೇ ಕೈತುಂಬ ಕೆಲಸ. ಚೆಂಡು ಗೋಡೆಯಾಚೆ ಬಿತ್ತೋ ಇಲ್ಲವೋ ಆಮೇಲಿನ ಮಾತು. ಹೊಡೆದವನ ಸಂಬಳ ಯಾವ ವರ್ಷದ ಖಾತೆಗೆ ಬೀಳುತ್ತದೆ, ಅದರಲ್ಲಿ ಮುಂದೂಡಿದ್ದೆಷ್ಟು, ತಂಡ ತೆರಿಗೆಯ ಎಷ್ಟನೇ ಮೆಟ್ಟಿಲಲ್ಲಿ ನಿಂತಿದೆ ಎನ್ನುವುದು ಮೊದಲು ಇತ್ಯರ್ಥವಾಗಬೇಕು. ಟಿಕೆಟ್ಟಿಗೆ, ಪಾರ್ಕಿಂಗಿಗೆ, ಬಿಯರಿಗೆ ದುಡ್ಡು ಸುರಿದು ಸೀಟಿನಲ್ಲಿ ಕೂತವನಿಗೆ ತನ್ನ ಜೇಬು ಖಾಲಿಯಾದ ಚಿಂತೆ ಇಲ್ಲ. ತಂಡದ ಯಜಮಾನನ ಜೇಬು ಎಲ್ಲಿ ಹಗುರಾಗುತ್ತದೋ ಎಂದು ಎದೆ ಹೊಡೆದುಕೊಳ್ಳುತ್ತಿರುತ್ತದೆ. ನಮ್ಮ ಹಳ್ಳಿಯ ಶ್ಯಾನುಭೋಗರಿಗಾದರೂ ಬರೆದ ಲೆಕ್ಕಕ್ಕೆ ಇನಾಮು ಜಮೀನು ಇರುತ್ತಿತ್ತು. ಇವರಿಗೆ ಅದೂ ಇಲ್ಲ.

ಈ ಉದ್ಯೋಗಕ್ಕೆ ಸೇರಬೇಕೆಂದರೆ ಮೊದಲು ತೆರಿಗೆ ಕಲಿಯಬೇಕು. ನಮ್ಮ ಐಪಿಎಲ್‌ನಲ್ಲಿ 2025ರ ಮೆಗಾ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಎಂದು ಗೆರೆ ಎಳೆದಿದ್ದರು, ಅದರಾಚೆ ಒಂದು ಪೈಸೆ ಇಲ್ಲ. ಬೇಸ್‌ಬಾಲ್‌ನಲ್ಲಿ ಅಂಥ ಗೆರೆ ಇಲ್ಲ. ಎಷ್ಟು ಬೇಕಾದರೂ ಖರ್ಚು ಮಾಡು, ಗಡಿ ದಾಟಿದರೆ ದಂಡ ಕಟ್ಟು ಎನ್ನುವ ಪದ್ಧತಿ. ಲಕ್ಷುರಿ ಟ್ಯಾಕ್ಸ್ ಎಂದು ಅದರ ಹೆಸರು. 2025ಕ್ಕೆ ತಂಡದ ಒಟ್ಟು ಸಂಬಳದ ಗಡಿ 24.1 ಕೋಟಿ ಡಾಲರ್. ದಾಟಿದ ಮೊತ್ತದ ಮೇಲೆ ಮೊದಲ ವರ್ಷ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50. ಗಡಿಯಿಂದ 2 ಕೋಟಿ, 4 ಕೋಟಿ, 6 ಕೋಟಿ ಮೇಲೆ ಹೋದಂತೆಲ್ಲ ಬೇರೆ ಬೇರೆ ಸರ್‌ಚಾರ್ಜ್. ಮೂರು ವರ್ಷದಿಂದ ಕಟ್ಟುತ್ತಿರುವ ತಂಡ ಕೊನೆಯ ಮೆಟ್ಟಿಲನ್ನೂ ಹತ್ತಿ ಕೂತರೆ, ಅಲ್ಲಿಂದಾಚೆ ಕೊಡುವ ಪ್ರತಿ ಡಾಲರ್ ಸಂಬಳಕ್ಕೆ ಒಂದು ಡಾಲರ್ ಹತ್ತು ಸೆಂಟ್ ತೆರಿಗೆ. ಒಂದೇ ಒಂದು ವರ್ಷ ಗಡಿಯ ಕೆಳಗೆ ಇಳಿದರೆ ಪಾಪವೆಲ್ಲ ತೊಳೆದುಹೋಗಿ ಮತ್ತೆ ಶೇ 20ರಿಂದ ಶುರು. ಲೆಕ್ಕಕ್ಕೆ ಹಿಡಿಯುವುದು ಆ ವರ್ಷ ಕೈಗೆ ಕೊಟ್ಟ ಸಂಬಳವನ್ನಲ್ಲ, ಒಪ್ಪಂದದ ಒಟ್ಟು ಮೊತ್ತದ ವಾರ್ಷಿಕ ಸರಾಸರಿಯನ್ನು. ಹೊಸ ಅಭಿಮಾನಿಗಳು ಎಡವುವುದು ಇಲ್ಲೇ. ಎಡವಿದವನನ್ನು ಹಳಬರು ಬದುಕಲು ಬಿಡುವುದಿಲ್ಲ.

ಕೊನೆಯ ಮೆಟ್ಟಿಲನ್ನು ಕಟ್ಟಿದ್ದು 2022ರಲ್ಲಿ. ನ್ಯೂಯಾರ್ಕ್ ಮೆಟ್ಸ್ ಕೊಂಡ ಸ್ಟೀವ್ ಕೋಹೆನ್ ಕೈಬಿಚ್ಚಿ ಖರ್ಚು ಮಾಡುತ್ತಾನೆಂದು ಉಳಿದ ಯಜಮಾನರಿಗೆ ನಡುಕ ಹುಟ್ಟಿತ್ತು. ಜನ ಅದನ್ನು ಕೋಹೆನ್ ತೆರಿಗೆ ಎಂದೇ ಕರೆದರು. ಕೋಹೆನ್ 2023ರಲ್ಲಿ ಹತ್ತು ಕೋಟಿ ಡಾಲರ್‌ಗೂ ಮೇಲೆ ತೆರಿಗೆಯನ್ನೇ ಕಟ್ಟಿದ. ತಂಡ 75 ಗೆದ್ದು 87 ಸೋತು, ಪ್ಲೇಆಫ್ ಬಾಗಿಲನ್ನೂ ಕಾಣದೆ ಮನೆಗೆ ಹೋಯಿತು. ದುಡ್ಡಿನಿಂದ ಕಪ್ ಕೊಳ್ಳಲಾಗದು ಎಂದು ಆ ವರ್ಷ ದೇಶವೆಲ್ಲ ಭಾಷಣ ಮಾಡಿತು. ಮರುವರ್ಷ ಲಾಸ್ ಏಂಜಲೀಸ್ ಡಾಡ್ಜರ್ಸ್ 10.3 ಕೋಟಿ ತೆರಿಗೆ ಕಟ್ಟಿ ಕಪ್ ಗೆದ್ದಿತು. ಅವೇ ಬಾಯಿಗಳು ದುಡ್ಡು ಆಟವನ್ನು ಹಾಳು ಮಾಡಿತು ಎಂದು ಶಂಖ ಊದಿದವು.

ಬಾಸ್ಟನ್‌ಗೆ ಬನ್ನಿ. ಶ್ಯಾನುಭೋಗಿಕೆಯ ಗುರುಕುಲವೇ ಅಲ್ಲಿದೆ. ರೆಡ್ ಸಾಕ್ಸ್ ತಂಡದ ಮೂಕಿ ಬೆಟ್ಸ್ 2018ರ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ. ಅದೇ ವರ್ಷ ತಂಡಕ್ಕೆ ವರ್ಲ್ಡ್ ಸೀರೀಸ್ ಕಪ್ ತಂದವನು. 2018, 2019 ಎರಡೂ ವರ್ಷ ತಂಡ ತೆರಿಗೆ ಕಟ್ಟಿತ್ತು. ಮೂರನೇ ವರ್ಷ ಶೇ 50ರ ದರ ಎದುರಿಗೆ ನಿಂತಿತು. 2020ರ ಫೆಬ್ರುವರಿಯಲ್ಲಿ ಬೆಟ್ಸ್‌ನನ್ನು ಡಾಡ್ಜರ್ಸ್‌ಗೆ ದಾಟಿಸಿದರು. ಜೊತೆಗೆ ಚೆಂಡೆಸೆಯುವ ದುಬಾರಿ ಪಿಚರ್ ಡೇವಿಡ್ ಪ್ರೈಸ್‌ನನ್ನೂ ಕಳಿಸಿ, ಅವನ ಬಾಕಿ ಸಂಬಳದಲ್ಲಿ ಅರ್ಧ ತಾವೇ ಕೊಡುವುದಾಗಿ ಬರೆದುಕೊಟ್ಟರು. ಬದಲಿಗೆ ಬಂದವರು ಅಲೆಕ್ಸ್ ವರ್ಡುಗೊ, ಕಾನರ್ ವಾಂಗ್, ಜೀಟರ್ ಡೌನ್ಸ್. ಆಗ ಫೋರ್ಬ್ಸ್ ಲೆಕ್ಕದಲ್ಲಿ ಕ್ಲಬ್ಬಿನ ಬೆಲೆ 300 ಕೋಟಿ ಡಾಲರ್‌ಗೂ ಮೇಲೆ. ಅಂಥ ಕ್ಲಬ್ಬಿಗೆ 2.7 ಕೋಟಿ ಸಂಬಳದ ಆಟಗಾರ ಭಾರವಾಗಿದ್ದ.

ಬಾಸ್ಟನ್ನಿನ ಯಾವ ಬಾರಿಗೆ ಹೋದರೂ ಆಗ ಒಂದೇ ಸಂಭಾಷಣೆ.

"ಮೂಕಿನ ಕೊಟ್ಟುಬಿಟ್ರಲ್ಲೋ!"

"ಕೊಡದೆ ಇನ್ನೇನು ಮಾಡ್ತಾರೆ? ಮೂರನೇ ವರ್ಷ ಕಣೋ, ಶೇಕಡಾ ಐವತ್ತು. ರೀಸೆಟ್ ಆಗ್ಲೇಬೇಕಿತ್ತು."

"ಕಟ್ಟೋನು ನೀನೇನೋ?"

"ನಾನಲ್ಲಪ್ಪ. ಆದ್ರೂ ಪೇರೋಲ್ ಫ್ಲೆಕ್ಸಿಬಿಲಿಟಿ ಅಂತ ಒಂದಿರುತ್ತೆ."

ಆ ಫ್ಲೆಕ್ಸಿಬಿಲಿಟಿ ಎನ್ನುವ ಆಟಗಾರ ಯಾವ ಜಾಗದಲ್ಲಿ ಆಡುತ್ತಾನೆ, ಎಡಗೈನೋ ಬಲಗೈನೋ ಯಾರೂ ಕೇಳಲಿಲ್ಲ. ಬೆಟ್ಸ್ ಅದೇ ಜುಲೈನಲ್ಲಿ ಡಾಡ್ಜರ್ಸ್ ಜೊತೆ 12 ವರ್ಷಕ್ಕೆ 36.5 ಕೋಟಿಗೆ ಸಹಿ ಹಾಕಿದ. ಅಲ್ಲಿ 2020, 2024, 2025 ಮೂರು ಸಲ ಕಪ್ ಎತ್ತಿದ. ಜೀಟರ್ ಡೌನ್ಸ್‌ಗೆ ಹೆಸರಿಟ್ಟಿದ್ದು ರೆಡ್ ಸಾಕ್ಸ್‌ನ ಬದ್ಧವೈರಿ ಯಾಂಕೀಸ್ ತಂಡದ ನಾಯಕ ಡೆರೆಕ್ ಜೀಟರ್ ಮೇಲಿನ ಅಭಿಮಾನದಿಂದ. ಮಗುವಿನ ನಾಮಕರಣದ ದಿನವೇ ಎಚ್ಚರಿಕೆ ಕೊಟ್ಟಾಗಿತ್ತು, ಬಾಸ್ಟನ್‌ಗೆ ಓದಲು ಬರಲಿಲ್ಲ. ಅವನು ಬಾಸ್ಟನ್ ಪರ ಆಡಿದ್ದು 14 ಪಂದ್ಯ. 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟರು.

ಟ್ರೇಡ್ ಆದ ಒಂದು ಗಂಟೆಯೊಳಗೆ ಮಾರ್ಕ್ಸ್ ಕಾರ್ಡ್ ಹೊರಬೀಳುತ್ತದೆ. ಬಾಸ್ಟನ್‌ಗೆ ಬಿ, ಲಾಸ್ ಏಂಜಲೀಸ್‌ಗೆ ಎ. ಇನ್ನೂ ಹತ್ತೊಂಬತ್ತು ತುಂಬದ ಹುಡುಗರಿಗೆ 20ರಿಂದ 80ರವರೆಗಿನ ಅಂಕಪಟ್ಟಿ: ಹೊಡೆತಕ್ಕೆ 55, ಶಕ್ತಿಗೆ 45, ಓಟಕ್ಕೆ 60, ಫೀಲ್ಡಿಂಗಿಗೆ 50, ತೋಳಿಗೆ 50. ಐವತ್ತು ಎಂದರೆ ದೊಡ್ಡ ಲೀಗಿನ ಸರಾಸರಿ. ಪ್ರತಿಭೆ ಹುಡುಕುವ ಸ್ಕೌಟ್‌ಗಳು ಬಿಸಿಲಲ್ಲಿ ಕೂತು, ಹುಡುಗ ಆಡುವುದನ್ನು ತಿಂಗಳುಗಟ್ಟಲೆ ನೋಡಿ ಕೊಡುವ ಅಂಕವಿದು. ಅಭಿಮಾನಿ ಹದಿನಾಲ್ಕು ಸೆಕೆಂಡಿನ ವಿಡಿಯೊ ನೋಡಿ ಅದಕ್ಕೆ ಐದು ಸೇರಿಸುತ್ತಾನೆ, ತನ್ನ ತಂಡಕ್ಕೆ ಬರುವ ಹುಡುಗನಾಗಿದ್ದರೆ. ಹೋಗುವವನಾಗಿದ್ದರೆ ಹತ್ತು ಕಳೆಯುತ್ತಾನೆ.

ಇಷ್ಟಾದ ಮೇಲಾದರೂ ಬುದ್ಧಿ ಬಂತೇ? 2025ರ ಜೂನ್ 15ರಂದು ರೆಡ್ ಸಾಕ್ಸ್‌ನ ರಾಫೇಲ್ ಡೆವರ್ಸ್ ಯಾಂಕೀಸ್ ವಿರುದ್ಧ ಹೋಂ ರನ್ ಹೊಡೆದ, ಅಂದರೆ ಚೆಂಡನ್ನು ಗೋಡೆಯಾಚೆ ಅಟ್ಟಿದ. ರೆಡ್ ಸಾಕ್ಸ್ ಸರಣಿಯ ಮೂರೂ ಪಂದ್ಯ ಬಾಚಿತು. ಅದೇ ಸಂಜೆ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಸಾಗಹಾಕಿದರು. ಅವನ 31.35 ಕೋಟಿ ಒಪ್ಪಂದದಲ್ಲಿ ಬಾಕಿ ಇದ್ದ 25 ಕೋಟಿಗೂ ಹೆಚ್ಚು ಹಣದ ಹೊಣೆ ಜೈಂಟ್ಸ್ ಹೆಗಲಿಗೆ. ಅವನಿಗೂ ಕ್ಲಬ್ಬಿಗೂ ಇದ್ದ ಜಗಳಕ್ಕೆ ಕಾರಣವೂ ಸರಿಯಾಗಿದೆ. ಮೂರನೇ ಬೇಸ್ ಅವನ ಜಾಗ. ಅಲೆಕ್ಸ್ ಬ್ರೆಗ್ಮನ್ ಬಂದನೆಂದು ಬರೀ ಬ್ಯಾಟಿಂಗ್ ಮಾಡು ಎಂದರು. ಮುನಿಸಿಕೊಂಡು ಒಪ್ಪಿದ. ಮೊದಲ ಬೇಸ್‌ನ ಹುಡುಗ ಮಂಡಿ ಮುರಿದುಕೊಂಡಾಗ, ಹಾಗಾದರೆ ಅಲ್ಲಿಗೆ ಹೋಗು ಎಂದರು. ಒಲ್ಲೆ ಎಂದ. ಯಜಮಾನ ಜಾನ್ ಹೆನ್ರಿ ಸ್ವತಃ ವಿಮಾನ ಹತ್ತಿ ಕ್ಯಾನ್ಸಸ್ ಸಿಟಿಗೆ ಹೋಗಿ ಸಮಾಧಾನ ಮಾಡಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ ಡೆವರ್ಸ್ ಅಲ್ಲಿ ಯಾವ ಜಾಗದಲ್ಲಿ ಆಡಿದ ಅಂದುಕೊಂಡಿರಿ? ಮೊದಲ ಬೇಸ್‌ನಲ್ಲಿ. ಬದಲಿಗೆ ಬಾಸ್ಟನ್‌ಗೆ ಬಂದ ನಾಲ್ವರಲ್ಲಿ ಒಬ್ಬನಾದ ಜೇಮ್ಸ್ ಟಿಬ್ಸ್‌ನನ್ನು ಎರಡು ತಿಂಗಳೂ ಇಟ್ಟುಕೊಳ್ಳದೆ ಇನ್ನೊಂದು ಟ್ರೇಡ್‌ನಲ್ಲಿ ಕೊಟ್ಟರು. ಯಾರಿಗೆ ಎಂದು ಬೇರೆ ಹೇಳಬೇಕೆ, ಡಾಡ್ಜರ್ಸ್‌ಗೆ.

ತೆರಿಗೆ ಕಲಿತ ಮೇಲೆ ದಿನಗಣನೆ. ಆಟಗಾರನೊಬ್ಬ ತನಗೆ ಬೇಕಾದ ತಂಡಕ್ಕೆ ಹೋಗಬೇಕಾದರೆ ದೊಡ್ಡ ಲೀಗಿನಲ್ಲಿ ಆರು ವರ್ಷ ಸೇವೆ ತುಂಬಬೇಕು. 172 ದಿನ ಇದ್ದರೆ ಒಂದು ವರ್ಷ. 2015ರಲ್ಲಿ ಸೀಸನ್ 183 ದಿನದ್ದು. ಶಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್ ಆ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಒಂಬತ್ತು ಹೋಂ ರನ್ ಹೊಡೆದಿದ್ದ, ಅಷ್ಟು ಹೊಡೆದವರು ಇನ್ನೊಬ್ಬರಿರಲಿಲ್ಲ. ಕಬ್ಸ್ ಅವನನ್ನು ಕೆಳಗಿನ ಲೀಗಿಗೆ ಕಳಿಸಿತು. ಫೀಲ್ಡಿಂಗ್ ಇನ್ನೂ ಪಳಗಬೇಕು ಎಂಬ ಸಬೂಬು. ಹನ್ನೆರಡು ದಿನ ಕಳೆದು, ಏಪ್ರಿಲ್ 17ರಂದು ಕರೆಸಿಕೊಂಡರು. ಆ ಹನ್ನೆರಡು ದಿನದಲ್ಲಿ ಫೀಲ್ಡಿಂಗ್ ಪಳಗಿತ್ತು. 183ರಲ್ಲಿ 12 ಕಳೆಯಿರಿ: 171. ವರ್ಷಕ್ಕೆ ಒಂದು ದಿನ ಕಡಿಮೆ. ಆ ಒಂದು ದಿನದಿಂದ ಕಬ್ಸ್‌ಗೆ ಅವನು ಇನ್ನೊಂದು ಇಡೀ ವರ್ಷ ಸಿಕ್ಕಿದ.

ಬ್ರಯಂಟ್ ಆ ವರ್ಷ ಶ್ರೇಷ್ಠ ಹೊಸಬ, ಮರುವರ್ಷ ಎಂವಿಪಿ. ಕಬ್ಸ್ 108 ವರ್ಷಗಳ ಬಳಿಕ ಕಪ್ ಗೆದ್ದದ್ದೂ ಆಗಲೇ. ಅವನು ಹಾಕಿದ ದೂರು ತೀರ್ಮಾನವಾದದ್ದು 2020ರ ಆರಂಭದಲ್ಲಿ, ಸೋತ. ಇದರಲ್ಲಿ ಅಭಿಮಾನಿಯ ಪಾತ್ರವೇನೆಂದು ಕೇಳಿದಿರಾ? ಹುಡುಗ ಚೆನ್ನಾಗಿ ಆಡುತ್ತಿದ್ದಾನೆ, ಇವತ್ತೇ ಕರೆಸಿ ಎಂದು ಕೂಗುವುದು ಅಭಿಮಾನಿಯ ಧರ್ಮ ಎಂದು ನೀವು ಅಂದುಕೊಂಡಿದ್ದರೆ ನಿಮಗೆ ಈ ಆಟ ತಿಳಿಯದು. ಅವನು ಕ್ಯಾಲೆಂಡರ್ ಹಿಡಿದು, "ಇನ್ನು ಮೂರು ದಿನ ತಡೀರಿ, ಅವಸರ ಬೇಡ" ಎಂದು ಕ್ಲಬ್ಬಿಗೇ ಬುದ್ಧಿ ಹೇಳುತ್ತಿದ್ದ. ಆ ಏಪ್ರಿಲ್‌ನ ಟಿಕೆಟ್ಟಿಗೆ ಪೂರ್ತಿ ದುಡ್ಡು ಕೊಟ್ಟವನೂ ಅವನೇ.

ಹೀಗೆ ತಡೆದಿಡುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. 2021ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಅಧ್ಯಕ್ಷ ಕೆವಿನ್ ಮ್ಯಾದರ್ ರೋಟರಿ ಕ್ಲಬ್ ಸಭೆಯೊಂದರಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ. ವಿಡಿಯೊ ಹೊರಬಿತ್ತು, ರಾಜೀನಾಮೆ ಕೊಟ್ಟು ಹೋಗಬೇಕಾಯಿತು. ಮಾಡಿದ್ದಕ್ಕೆ ಕೆಲಸ ಕಳೆದುಕೊಂಡವರಿಲ್ಲ, ಹೇಳಿದ್ದಕ್ಕೆ ಒಬ್ಬ ಕಳೆದುಕೊಂಡ. 2022ರಿಂದ ನಿಯಮ ಬದಲಾಗಿ, ಶ್ರೇಷ್ಠ ಹೊಸಬರ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ತಡವಾಗಿ ಬಂದರೂ ಪೂರ್ತಿ ವರ್ಷದ ಸೇವೆ ಕೊಡುತ್ತಾರೆ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಾಲ್ ಸ್ಕೀನ್ಸ್ 2024ರ ಮೇ 11ಕ್ಕೆ ಬಂದು ಹೀಗೆ ವರ್ಷ ಗಿಟ್ಟಿಸಿಕೊಂಡ. ಪಿಟ್ಸ್‌ಬರ್ಗ್ ಶ್ಯಾನುಭೋಗರಿಗೆ ಅದೊಂದು ನಷ್ಟದ ಬಾಬತ್ತು.

ಈಗ ದೊಡ್ಡ ಕುಳಕ್ಕೆ ಬರೋಣ. ಜಪಾನಿನ ಆಟಗಾರ ಶೋಹೆಯ್ ಒಟಾನಿ 2023ರ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಜೊತೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್‌ಗೆ ಸಹಿ ಹಾಕಿದ. ಅದರಲ್ಲಿ ವರ್ಷಕ್ಕೆ ಈಗ ಕೈಗೆ ಸಿಗುವುದು 20 ಲಕ್ಷ. ಮಿಕ್ಕ 68 ಕೋಟಿಯನ್ನು 2034ರಿಂದ 2043ರವರೆಗೆ, ವರ್ಷಕ್ಕೆ 6.8 ಕೋಟಿಯಂತೆ, ಬಡ್ಡಿಯಿಲ್ಲದೆ ಕೊಡುತ್ತಾರೆ. ಬಡ್ಡಿಯಿಲ್ಲದ ನಾಳಿನ ದುಡ್ಡಿಗೆ ಇವತ್ತು ಬೆಲೆ ಕಡಿಮೆ ತಾನೆ? ಆದ್ದರಿಂದ ತೆರಿಗೆ ಲೆಕ್ಕದಲ್ಲಿ ಅವನ ವಾರ್ಷಿಕ ಬೆಲೆ 7 ಕೋಟಿಯಲ್ಲ, ಸುಮಾರು 4.6 ಕೋಟಿ. ನೀನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ ಎನ್ನುವುದಕ್ಕೆ ಲಾಸ್ ಏಂಜಲೀಸ್‌ನಲ್ಲಿ ವಕೀಲರು ಬರೆದುಕೊಟ್ಟ ರೂಪ ಇದು. ಕ್ಯಾಲಿಫೋರ್ನಿಯಾ ರಾಜ್ಯದ ಲೆಕ್ಕಪತ್ರ ನೋಡುವ ಕಂಟ್ರೋಲರ್ ಕೂಡ ದಿಗಿಲುಬಿದ್ದರು. ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಸಮನಾಗಿ ಹಂಚಿ ಕೊಡುವ ಇಂಥ ದುಡ್ಡಿನ ಮೇಲೆ, ಪಡೆಯುವವನು ಊರು ಬಿಟ್ಟು ಹೋಗಿದ್ದರೆ, ಹಳೆಯ ರಾಜ್ಯ ಆದಾಯ ತೆರಿಗೆ ಹಾಕುವಂತಿಲ್ಲ ಎಂದು ಕೇಂದ್ರದ ಕಾನೂನಿದೆ. ಅದನ್ನು ತಿದ್ದಿ ಎಂದು 2024ರ ಜನವರಿಯಲ್ಲಿ ಅವರು ಅಮೆರಿಕದ ಕಾಂಗ್ರೆಸ್ಸಿಗೆ ಮೊರೆಯಿಟ್ಟರು.

ಡಾಡ್ಜರ್ಸ್ ಹೀಗೆ ಮುಂದೂಡಿದ ಸಾಲ ಎಲ್ಲ ಸೇರಿ 100 ಕೋಟಿ ಡಾಲರ್ ದಾಟಿದೆ. ಬೇರೆ ತಂಡದವರು ಇದನ್ನು ಪುಕ್ಕಟೆ ದುಡ್ಡು ಎಂದು ಬೈಯುತ್ತಾರೆ. ಪುಕ್ಕಟೆಯೇನೂ ಅಲ್ಲ. ಮುಂದೂಡಿದ ಮೊತ್ತದ ಇಂದಿನ ಬೆಲೆಯಷ್ಟನ್ನು ಕ್ಲಬ್ ಈಗಲೇ ಪ್ರತ್ಯೇಕ ತೆಗೆದಿಡಬೇಕು ಎಂದು ಆಟಗಾರರ ಸಂಘದ ಜೊತೆಗಿನ ಒಪ್ಪಂದದಲ್ಲೇ ಇದೆ. ಈ ವಿನಾಯಿತಿ 30 ತಂಡಗಳಿಗೂ ತೆರೆದ ಬಾಗಿಲು. ನಿಮ್ಮ ತಂಡ ಯಾಕೆ ಆ ಬಾಗಿಲಲ್ಲಿ ಹೋಗಲಿಲ್ಲ ಎಂದು ಕೇಳಿದರೆ ಅಭಿಮಾನಿ, "ನಮ್ಮದು ಸಣ್ಣ ಮಾರ್ಕೆಟ್" ಎನ್ನುತ್ತಾನೆ. ಅವನ ಯಜಮಾನನಿಗೂ ಆ ವಾಕ್ಯ ಬಾಯಿಪಾಠ.

ಮುಂದೂಡಿದ ದುಡ್ಡಿನ ಮೂಲಪುರುಷ ಹಳೆಯ ಆಟಗಾರ ಬಾಬಿ ಬೊನಿಯಾ. 2000ದಲ್ಲಿ ಮೆಟ್ಸ್ ಅವನನ್ನು ಬಿಡುವಾಗ 59 ಲಕ್ಷ ಡಾಲರ್ ಬಾಕಿ ಇತ್ತು. ಈಗ ಬೇಡ, ಶೇ 8 ಬಡ್ಡಿ ಸೇರಿಸಿ 2011ರಿಂದ 25 ವರ್ಷ ಕಂತಿನಲ್ಲಿ ಕೊಡಿ ಎಂದ. ಹಾಗಾಗಿ ಪ್ರತಿ ಜುಲೈ 1ರಂದು 11,93,248 ಡಾಲರ್ 20 ಸೆಂಟ್ ಅವನ ಖಾತೆಗೆ ಬೀಳುತ್ತದೆ, 2035ರವರೆಗೆ. ಆಟ ಬಿಟ್ಟದ್ದು 2001ರಲ್ಲಿ. ಆ ದಿನ ಬಂತೆಂದರೆ ದೇಶಾದ್ಯಂತ ಬೊನಿಯಾ ಜಯಂತಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಮೆಟ್ಸ್ ಮೇಲೆ ನಗುವವರೇ ಎಲ್ಲರೂ. ಕಾಗದ ಪೆನ್ನು ಹಿಡಿದು ನೋಡಿ: 59 ಲಕ್ಷಕ್ಕೆ ಶೇ 8ರ ಚಕ್ರಬಡ್ಡಿ 11 ವರ್ಷ ಹಾಕಿದರೆ ಸುಮಾರು 1.38 ಕೋಟಿ. ಅದನ್ನು ಅದೇ ಬಡ್ಡಿಯಲ್ಲಿ 25 ಕಂತು ಮಾಡಿದರೆ ಸರಿಯಾಗಿ ಈ ಮೊತ್ತವೇ ಬರುತ್ತದೆ. ಮಾಯೆ ಮಂತ್ರ ಏನಿಲ್ಲ. ಆಗಿನ ಯಜಮಾನರು ಒಪ್ಪಿದ್ದು ಹೂಡಿಕೆಯ ಹೆಸರಲ್ಲಿ ಮೋಸ ನಡೆಸುತ್ತಿದ್ದ ಬರ್ನಿ ಮೇಡಾಫ್ ಹತ್ತಿರ ಹಾಕಿದ ದುಡ್ಡು ಶೇ 8ಕ್ಕಿಂತ ಹೆಚ್ಚು ದುಡಿಯುತ್ತದೆ ಎಂಬ ಭರವಸೆಯಲ್ಲಿ. 2008ರ ಡಿಸೆಂಬರ್‌ನಲ್ಲಿ ಮೇಡಾಫ್ ಜೈಲಿನ ದಾರಿ ಹಿಡಿದ, ಬೊನಿಯಾ ಬ್ಯಾಂಕಿನ ದಾರಿ.

ಮೆಟ್ಸ್ ಅಭಿಮಾನಿಯ ಬತ್ತಳಿಕೆಯಲ್ಲಿ ಇದಕ್ಕೂ ಬಾಣವಿದೆ. ಆ ವರ್ಷ ಉಳಿದ ದುಡ್ಡಿನಲ್ಲೇ ಪಿಚರ್ ಮೈಕ್ ಹ್ಯಾಂಪ್ಟನ್ ಸಂಬಳಕ್ಕೆ ದಾರಿಯಾಯಿತು, ಹ್ಯಾಂಪ್ಟನ್ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಒಯ್ದ, ಅವನು ಬಿಟ್ಟುಹೋದಾಗ ಪರಿಹಾರವಾಗಿ ಸಿಕ್ಕ, ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಸರದಿಯಲ್ಲಿ ಮುಂದೆ ತಂಡದ ತಾರೆಯಾದ ಡೇವಿಡ್ ರೈಟ್ ಸಿಕ್ಕಿದ. ಅಲ್ಲಿಗೆ ಬೊನಿಯಾ ಕಂತು ಲಾಭದ ಬಾಬತ್ತೇ! ಈ ವಾದ ನಿಜಕ್ಕೂ ಚೆನ್ನಾಗಿದೆ. ಇಪ್ಪತ್ತೈದು ವರ್ಷದ ಹಿಂದಿನ ವ್ಯವಹಾರದಲ್ಲಿ ಯಜಮಾನನನ್ನು ಇಷ್ಟು ಚೊಕ್ಕವಾಗಿ ಪಾರುಮಾಡುವ ವಕೀಲ ದುಡ್ಡು ಕೊಟ್ಟರೂ ಸಿಗಲಾರ.

ಸಣ್ಣ ಮಾರ್ಕೆಟ್ಟಿನ ಪಿಟ್ಸ್‌ಬರ್ಗ್ ಮಾತು ಹೇಳದಿದ್ದರೆ ಅನ್ಯಾಯವಾದೀತು. ಆ ಕ್ಲಬ್ಬಿನ ಅಲ್ಲಿಯವರೆಗಿನ ಇತಿಹಾಸದ ಅತಿ ದೊಡ್ಡ ಒಪ್ಪಂದ ಬ್ರಯಾನ್ ರೆನಾಲ್ಡ್ಸ್‌ದು, 2023ರಲ್ಲಿ, ಎಂಟು ವರ್ಷಕ್ಕೆ 10.675 ಕೋಟಿ. ಹುವಾನ್ ಸೋಟೊ ಮೆಟ್ಸ್‌ನಲ್ಲಿ ಹದಿನೈದು ವರ್ಷಕ್ಕೆ 76.5 ಕೋಟಿಗೆ ಸಹಿ ಹಾಕಿದಾಗ ಪಿಟ್ಸ್‌ಬರ್ಗ್ ಅಭಿಮಾನಿಗಳು ಸೋಟೊನ ದುರಾಸೆಯನ್ನು ಖಂಡಿಸಿದರು. ತಮ್ಮ ಕ್ರೀಡಾಂಗಣ ಕಟ್ಟುವ ಕಾಲಕ್ಕೆ, ಸುಮಾರು 2000ದ ಹೊತ್ತಿಗೆ, ಇದೇ ಅಭಿಮಾನಿಗಳು ಮನೆಯವರ ಹೆಸರು, ತೀರಿಹೋದ ಅಪ್ಪಂದಿರ ಹೆಸರು ಕೆತ್ತಿಸಿ ಇಟ್ಟಿಗೆ ಕೊಂಡಿದ್ದರು. 2025ರ ಏಪ್ರಿಲ್‌ನಲ್ಲಿ ಆ ಇಟ್ಟಿಗೆಗಳು ಗುಜರಿ ರೀಸೈಕ್ಲಿಂಗ್ ಅಂಗಳದಲ್ಲಿ ರಾಶಿ ಬಿದ್ದಿದ್ದ ಫೋಟೊ ಬಂತು. ಅದೇ ತಿಂಗಳು ಮೈದಾನದ ಗೋಡೆಯ ಮೇಲಿದ್ದ, ತಂಡದ ಹಳೆಯ ಮಹಾನ್ ಆಟಗಾರ ರಾಬರ್ಟೊ ಕ್ಲೆಮೆಂಟೆ ಅವರ 21ನೇ ನಂಬರಿನ ಫಲಕ ತೆಗೆದು ಡಬ್ಬಿ ಮದ್ಯದ ಜಾಹೀರಾತು ಅಂಟಿಸಿದ್ದರು. ಭೂಕಂಪಕ್ಕೆ ಸಿಕ್ಕ ನಿಕರಾಗುವಾ ಜನರಿಗೆ ಸಾಮಾನು ಒಯ್ಯುತ್ತಾ 1972ರ ಡಿಸೆಂಬರ್ 31ರಂದು ವಿಮಾನ ಬಿದ್ದು ತೀರಿಕೊಂಡವರು ಕ್ಲೆಮೆಂಟೆ. ಗಲಾಟೆಯಾಗಿ ಫಲಕ ವಾಪಸು ಬಂತು, ಕ್ಲಬ್ ಕ್ಷಮೆ ಕೇಳಿತು. ಒಬ್ಬಿಬ್ಬರಾದರೂ ಶ್ಯಾನುಭೋಗರು ಆ ಜಾಹೀರಾತಿನ ವರಮಾನದಿಂದ ಒಬ್ಬ ಮಧ್ಯಮ ದರ್ಜೆ ಬದಲಿ ಪಿಚರ್ ಬರಬಹುದಿತ್ತೇ ಎಂದು ಗುಣಿಸದೆ ಬಿಟ್ಟಿರಲಾರರು.

ಓಕ್‌ಲೆಂಡ್ ಕಥೆ ಇನ್ನೂ ಚೆಂದ. ಜನ ಬರುವುದಿಲ್ಲ, ಅದಕ್ಕೇ ಊರು ಬಿಡುತ್ತೇವೆ ಎಂದು ಅಥ್ಲೆಟಿಕ್ಸ್ ಯಜಮಾನ ಜಾನ್ ಫಿಶರ್ ಕಡೆಯವರ ವಾದ. 2023ರ ಜೂನ್ 13ರ ಮಂಗಳವಾರ ಅಭಿಮಾನಿಗಳು ತಿರುಗುಮುರುಗು ಬಹಿಷ್ಕಾರ ಹೂಡಿದರು. ಬರದಿರುವ ಬದಲು ಎಲ್ಲರೂ ಬಂದರು, 27,759 ಮಂದಿ. ತಂಡ ಮಾರು ಎಂದು ಆಟದುದ್ದಕ್ಕೂ ಕೂಗಿದರು. ಪಂದ್ಯವನ್ನೂ ಗೆದ್ದರು. ಅದೇ ದಿನ ನೆವಾಡಾ ಸೆನೆಟ್, ಫಿಶರ್‌ಗೆ ಲಾಸ್ ವೇಗಸ್‌ನಲ್ಲಿ ಕ್ರೀಡಾಂಗಣ ಕಟ್ಟಲು 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆ ಪಾಸು ಮಾಡಿತು. ಫ್ರೀಮಾಂಟ್ ಕಡೆಯ ನಮ್ಮ ಕನ್ನಡಿಗರು ಬಾರ್ಟ್ ರೈಲಿನಲ್ಲಿ ಹೋಗುವಾಗ ತಂಡದ ಹಳೆಯ ಮೈದಾನದ ಕೊಲಿಸಿಯಮ್ ಸ್ಟೇಷನ್ ಈಗಲೂ ಬರುತ್ತದೆ, ಅಲ್ಲಿ ಇಳಿಯುತ್ತಿದ್ದ ಹಸಿರು ಟೋಪಿಗಳಿಲ್ಲ. ವೇಗಸ್ ಕಟ್ಟಡ ಮೇಲೇಳುವವರೆಗೆ ತಂಡ 2025ರಿಂದ ಸ್ಯಾಕ್ರಮೆಂಟೊದ ಕೆಳಲೀಗ್ ಮೈದಾನದಲ್ಲಿ ಬಿಡಾರ ಹೂಡಿತು. ಹಿಡಿಯುವುದು ಹದಿನಾಲ್ಕು ಸಾವಿರ ಜನ. ಬಟ್ಟೆ ಬದಲಿಸುವ ಕೋಣೆ ಗಡಿಗೋಡೆಯಾಚೆ, ಆಟಗಾರರು ಮೈದಾನ ದಾಟಿ ನಡೆದುಹೋಗಬೇಕು. ತಂಡದ ಹೆಸರಲ್ಲಿ ಊರೇ ಇಲ್ಲ, ಬರೀ ಅಥ್ಲೆಟಿಕ್ಸ್. ಅಂಗಿಯ ಒಂದು ತೋಳಿಗೆ ಸ್ಯಾಕ್ರಮೆಂಟೊ ಪಟ್ಟಿ, ಇನ್ನೊಂದಕ್ಕೆ ಲಾಸ್ ವೇಗಸ್ ಪಟ್ಟಿ.

ಎಲ್ಲಕ್ಕೂ ಮದ್ದು ಒಂದೇ, ಸಂಬಳಕ್ಕೆ ಮಿತಿ ಹಾಕಿ ಎನ್ನುವುದು ಶ್ಯಾನುಭೋಗರ ಈಗಿನ ಮಹಾಮಂತ್ರ. ಆಟಗಾರರ ಸಂಘದ ಜೊತೆಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಹಿಂದಿನ ಸಲ ಯಜಮಾನರು 99 ದಿನ ಬಾಗಿಲು ಹಾಕಿ ಕೂತಿದ್ದರು. ಈ ಮಂತ್ರ ಹೇಳಿಕೊಡಲು ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ತಂಡಗಳ ಕೋಣೆಗಳಿಗೆ ಹೋಗುತ್ತಿದ್ದಾಗ, 2025ರಲ್ಲಿ ಫಿಲಡೆಲ್ಫಿಯಾದ ಬ್ರೈಸ್ ಹಾರ್ಪರ್, ಆ ಮಾತಾಡುವುದಿದ್ದರೆ ಹೊರಗೆ ನಡಿ ಎಂದನೆಂದು ವರದಿಯಾಯಿತು. ಅಭಿಮಾನಿಗಳಲ್ಲಿ ಅರ್ಧ ಜನ ಹಾರ್ಪರ್‌ಗೆ ಸೊಕ್ಕು ಎಂದರು.

ಮಿತಿ ಹಾಕಬೇಕಾದರೆ ವರಮಾನ ಎಷ್ಟೆಂದು ತಿಳಿಯಬೇಕು. ಅಟ್ಲಾಂಟಾ ಬ್ರೇವ್ಸ್ ಷೇರುಪೇಟೆಯಲ್ಲಿದೆ, ಅದರ ಲೆಕ್ಕ ಹೊರಗೆ ಬರುತ್ತದೆ. ಟೊರಾಂಟೊ ಬ್ಲೂ ಜೇಸ್ ಲೆಕ್ಕ ರೋಜರ್ಸ್ ಕಂಪನಿಯ ದೊಡ್ಡ ಲೆಕ್ಕದೊಳಗೆ ಕರಗಿಹೋಗಿದೆ. ಉಳಿದ 28 ಕ್ಲಬ್ಬುಗಳ ಪುಸ್ತಕವನ್ನು ಈ ಶ್ಯಾನುಭೋಗರಲ್ಲಿ ಒಬ್ಬರೂ ಕಣ್ಣಿಂದ ನೋಡಿಲ್ಲ. ಆದರೂ ಯಾವ ಕ್ಲಬ್ಬಿಗೆ ಏನು ಕೈಗೆಟುಕುವುದಿಲ್ಲ ಎಂದು ಕೇಳಿ, ಸೆಂಟ್ ಸಮೇತ ಹೇಳುತ್ತಾರೆ.

ಒಟಾನಿಯ ಮುಂದೂಡಿದ ಕಂತು ಬೀಳುವುದೂ ಜುಲೈ 1ಕ್ಕೇ. ಹಾಗಾಗಿ 2034, 2035 ಎರಡು ವರ್ಷ ಬೊನಿಯಾ ಜಯಂತಿ, ಒಟಾನಿ ಜಯಂತಿ ಒಂದೇ ದಿನ ಬರುತ್ತವೆ. ಅಂದು ರಜೆ ಹಾಕಿಡಿ, ಲೆಕ್ಕ ತಾಳೆ ನೋಡುವುದು ಬಹಳ ಇರುತ್ತದೆ.